ಸೀಮೆಸುಣ್ಣದ ಸೀಮೆ ಯಾವುದು?

ನಮಸ್ಕಾರ,

ಮೂರನೇ ಕ್ಲಾಸಿನ ನನ್ನ ತಂಗಿಯ ಮಗಳು ಮೊನ್ನೆ ಅಜ್ಜಿಯ ಎಲೆಯಡಿಕೆ ತಟ್ಟೆ ಮುಂದೆ ಕೂತಿದ್ದಳು. ಸುಣ್ಣದ ಡಬ್ಬಿಗೆ ಬೆರಳು ಅದ್ದಿ ನೆಲದ ಮೇಲೆ ಒಂದು ಗೀಟು ಎಳೆದಳು. ‘ಇದೂ ಬರೆಯುತ್ತೆ. ಮತ್ತೆ ಸ್ಕೂಲಲ್ಲಿರೋದು ಮಾತ್ರ ಯಾಕೆ ಸೀಮೆಸುಣ್ಣ? ಸೀಮೆ ಅಂದ್ರೇನು ದೊಡ್ಡಮ್ಮ?’

ಸೀಮೆ ಅಂದರೆ ಗಡಿ. ಆಮೇಲೆ ಗಡಿಯೊಳಗಿನ ನಾಡು. ಬಯಲುಸೀಮೆಯಲ್ಲಿ ಇರೋದು ಈ ಅರ್ಥವೇ. ಕಡಲಾಚೆಯಿಂದ ಹೊಸ ಹೊಸ ಸಾಮಾನು ಬರತೊಡಗಿದಾಗ ಅದೇ ಮಾತು ‘ಪರದೇಶ’ ಅನ್ನೋದಕ್ಕೂ ಬಳಕೆಗೆ ಬಂತು. ಗಡಿ ಅನ್ನೋ ಪದವೇ ಗಡಿ ದಾಟಿಬಿಟ್ಟಿತು! ಹೊಸ ವಸ್ತುವಿಗೆ ಹೊಸ ಹೆಸರು ಯಾರು ಹುಡುಕುತ್ತಾರೆ? ಮನೆಯಲ್ಲಿದ್ದ ಯಾವುದೋ ಹೆಸರಿಗೆ ಮುಂದೆ ‘ಸೀಮೆ’ ಸೇರಿಸಿದರೆ ಆಯಿತು. ಸೀಮೆಎಣ್ಣೆ, ಸೀಮೆಹಸು, ಸೀಮೆಹುಣಸೆ ಎಲ್ಲ ಹೀಗೆ ಹುಟ್ಟಿದವು. ಸೀಮೆಬದನೆಯಂತೂ ಮೆಕ್ಸಿಕೋ ಕಡೆಯದು, ಬದನೆಗೆ ನೆಂಟನೂ ಅಲ್ಲ. ಅದು ಸೌತೆ, ಕುಂಬಳದ ಬಳಗ.

ಇನ್ನು ಸುಣ್ಣ. ಸಂಸ್ಕೃತದ ‘ಚೂರ್ಣ’ವೇ ಕನ್ನಡದಲ್ಲಿ ಸುಣ್ಣ ಆದದ್ದು. ಚೂರ್ಣ ಅಂದರೆ ಪುಡಿ. ಅಂದರೆ ಸೀಮೆಸುಣ್ಣ ಅಂದರೆ ಪರದೇಶದ ಪುಡಿ. ಡಸ್ಟರ್ ಕೊಡವುವಾಗ ಮೊದಲ ಬೆಂಚಿನ ಮಕ್ಕಳ ತಲೆ ಮೇಲೆ ಉದುರುತ್ತಲ್ಲ, ಹೆಸರು ಸರಿಯಾಗೇ ಇದೆ.

‘ನಮ್ಮ ಮಿಸ್ ಚಾಕ್ ಅಂತಾರೆ’ ಅಂದಳು. ಅನ್ನಲಿ. ಆ ಚಾಕ್‌ನ ಬೇರು ಹಿಡಿದು ಹೋದರೆ ಲ್ಯಾಟಿನ್ನಿನ ‘ಕಾಲ್ಕ್ಸ್’ ಸಿಗುತ್ತದೆ. ಅದರ ಅರ್ಥವೂ ಸುಣ್ಣವೇ! ಎಷ್ಟು ಇಂಗ್ಲಿಷ್ ಮಾತಾಡಿದರೂ ತಿರುಗಿ ಅಜ್ಜಿಯ ಡಬ್ಬಿಗೇ ಬಂದು ಬಿದ್ದೆವು. ಅಜ್ಜಿಗೆ ಈ ಲೆಕ್ಕ ಬಹಳ ಹಿಡಿಸಿತು. ಎರಡನೇ ಸಲ ಎಲೆ ಹಾಕಿಕೊಂಡರು.

ಮೆಣಸಿನಕಾಯಿಯ ಕಥೆ ಮಾತ್ರ ಉಲ್ಟಾ. ಮೊದಲು ಇಲ್ಲಿದ್ದದ್ದು ಮೆಣಸು ಒಂದೇ, ಸಾರಿಗೆ ಕುಟ್ಟಿ ಹಾಕುವ ಕಪ್ಪು ಕಾಳು. ಅಮೆರಿಕದ ಕಾಯಿಯನ್ನು ಪೋರ್ಚುಗೀಸರು ತಂದರು. ಅದೂ ಖಾರ ಇತ್ತು, ಮೆಣಸಿನಕಾಯಿ ಆಯಿತು. ಕೊನೆಗೆ ಹಳೇ ಮೆಣಸೇ ತಾನು ಯಾರೆಂದು ಹೇಳಿಕೊಳ್ಳಬೇಕಾಯಿತು: ಕಾಳುಮೆಣಸು, ಕರಿಮೆಣಸು. ಕರಾವಳಿಯವರು ‘ಒಳ್ಳೆಮೆಣಸು’ ಅನ್ನುತ್ತಾರೆ. ಹಾಗಾದರೆ ಇನ್ನೊಂದು ಕೆಟ್ಟ ಮೆಣಸಾ ಅಂತ ನಮ್ಮ ಹುಡುಗಿಯ ತಕರಾರು.

ಈಗ ನನ್ನ ಪ್ರಶ್ನೆ. ‘ಇವನ್ಯಾವ ಸೀಮೆ ಡಾಕ್ಟರಪ್ಪಾ’ ಅಂತ ಬೈಯುವಾಗ ನಿಮ್ಮ ಕಿವಿಗೆ ಸೀಮೆ ಅಂದರೆ ‘ಯಾವ ಊರು’ ಅಂತ ಕೇಳಿಸುತ್ತದಾ, ‘ಪರದೇಶ’ ಅಂತಲಾ? ನಿಮ್ಮ ಕಡೆ ಸೀಮೆ ಅಂಟಿಕೊಂಡ ಬೇರೆ ಪದಗಳಿದ್ದರೆ ಅವನ್ನೂ ಬರೆಯಿರಿ. ಹುಡುಗಿ ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡುತ್ತಿದ್ದಾಳೆ. ನಿನ್ನೆ ‘ಸೀಮೆನೂಡಲ್ಸ್’ ಅಂತ ತಾನೇ ಒಂದನ್ನು ಸೇರಿಸಿದ್ದಾಳೆ. ಹೊಡೆದುಹಾಕಲು ನನಗೆ ಮನಸ್ಸು ಬರಲಿಲ್ಲ.