‘ಫಾರ್ಮ್ ಟು ಟೇಬಲ್ ಟೇಸ್ಟಿಂಗ್ ಮೆನು’: ಬೋರ್ಡಿಗೆ ಕನ್ನಡ ಬೇಕು, ಇವತ್ತೇ

ಕೇಳಿದ್ದು: ಧಾರವಾಡದ ಹತ್ತಿರ ಹೊಲದಲ್ಲೇ ಒಂದು ರೆಸ್ಟೋರೆಂಟ್ ಶುರುವಾಗುತ್ತಿದೆ. ಏಳು ಐಟಂ, ಸಣ್ಣ ಸಣ್ಣ ಪಾಲು, ಒಂದಾದ ಮೇಲೊಂದು ಬರುತ್ತವೆ. ಆರಿಸಿಕೊಳ್ಳುವಂತಿಲ್ಲ. ಕಾಳು, ತರಕಾರಿ ಎಲ್ಲ ಸುತ್ತಲಿನ ರೈತರದ್ದು. ಇದಕ್ಕೆ ಕನ್ನಡದಲ್ಲಿ ಏನು ಬರೆಸೋಣ? ಪೇಂಟರ್ ಸಂಜೆ ಬರುತ್ತಾನೆ.

ಉತ್ತರ:

ಈ ಪ್ರಶ್ನೆಯ ಕೆಳಗೆ ಬೆಳಗಿನಿಂದ ಸಲಹೆಗಳ ರಾಶಿ ಬಿದ್ದಿದೆ. ಬೋರ್ಡಿಗೆ ಬರೆಸುವಂಥದ್ದು ಒಂದೂ ಇಲ್ಲ.

‘ಕೃಷಿಕ್ಷೇತ್ರದಿಂದ ಭೋಜನಫಲಕಕ್ಕೆ’ ಅಂತೆ. ಧಾರವಾಡದಲ್ಲಿ ಇದನ್ನು ಬರೆಸಿದರೆ ಕೃಷಿ ವಿಶ್ವವಿದ್ಯಾಲಯದ ವಿಚಾರ ಸಂಕಿರಣ ಇರಬೇಕು ಅಂದುಕೊಂಡು ಜನ ಗಾಡಿ ನಿಲ್ಲಿಸದೆ ಹೋಗುತ್ತಾರೆ. ‘ಹೊಲದಿಂದ ಮೇಜಿಗೆ’ ಅದಕ್ಕಿಂತ ಎಷ್ಟೋ ವಾಸಿ, ಆದರೆ ನಮ್ಮಲ್ಲಿ ಮೇಜಿಗೆ ಹೋಗುವುದು ಫೈಲು. ಸಾಹೇಬರ ಮೇಜಿಗೆ ಹೋಗಿದೆ, ಇನ್ನೂ ಇಳಿದಿಲ್ಲ ಅಂತೀವಲ್ಲ, ಅದು. ಇಂಗ್ಲಿಷಿನಲ್ಲಿ ಟೇಬಲ್ ಅಂದರೆ ಊಟಕ್ಕೇ ನಿಂತ ಮಾತು. ನಮ್ಮಲ್ಲಿ ಆ ಜಾಗದಲ್ಲಿ ಎಲೆ ಇದೆ, ತಾಟಿದೆ, ಗಂಗಾಳ ಇದೆ. ತಾಟು ಮರಾಠಿ ಅಂತ ಯಾರೋ ಈಗ ಬರೆಯುತ್ತಾರೆ. ಹೌದು, ಮರಾಠಿ. ಇರಲಿ ಬಿಡಿ.

ಗಂಗಾಳ ನನಗೂ ಇಷ್ಟದ ಮಾತು. ಆದರೆ ಇಲ್ಲಿ ಅದು ಸುಳ್ಳು ಹೇಳುತ್ತದೆ. ಗಂಗಾಳ ಅಂದರೆ ಅಂಚು ಎತ್ತಿದ ಅಗಲ ತಾಟು, ರೊಟ್ಟಿ ಮುರಿದು ಹಾಕಿ, ಮೇಲೆ ಬ್ಯಾಳಿ ಸುರಿದು ಕಲಸಿ ಉಣ್ಣುವಂಥದ್ದು. ಅದನ್ನು ಓದಿ ಹಸಿದು ಬಂದವನ ಮುಂದೆ ಅಂಗೈಯಷ್ಟು ಕರಿ ಕಲ್ಲಿನ ಮೇಲೆ ಎರಡು ಚಮಚ ಎಣ್ಣೆಗಾಯಿ, ಪಕ್ಕಕ್ಕೆ ಚಿಟಿಕೆ ಗುರೆಳ್ಳು ಹಿಂಡಿ ಇಟ್ಟರೆ ಜಗಳ ಗ್ಯಾರಂಟಿ.

ಟೇಸ್ಟಿಂಗ್‌ಗೆ ಬರೋಣ. ‘ರುಚಿ ನೋಡುವ ಊಟ’ ಬೇಡ. ನಮ್ಮ ಅಡುಗೆ ಮನೆಯಲ್ಲಿ ರುಚಿ ನೋಡುವುದು ಉಪ್ಪು ಸರಿ ಇದೆಯೋ ಇಲ್ಲವೋ ಅಂತ. ಸ್ಯಾಂಪಲ್ಲಿಗೂ ದುಡ್ಡು ಕೊಡಬೇಕಾ ಅಂತ ಕೇಳುತ್ತಾರೆ. ‘ಸವಿಯೂಟ’ದಲ್ಲಿ ತಪ್ಪಿಲ್ಲ. ಸವಿ ನಮ್ಮದೇ, ತಮಿಳಿನ ಸುವೈ, ತೆಲುಗಿನ ಚವಿ ಎಲ್ಲ ಒಂದೇ ಬೇರು. ಆದರೆ ಯಾವ ಕೇಟರಿಂಗ್ ಬೋರ್ಡ್ ನೋಡಿದರೂ ಸವಿಯೂಟವೇ. ಈ ಊಟದ ವಿಶೇಷ ರುಚಿಯಲ್ಲಿಲ್ಲ ಮಾರಾಯ್ರೆ, ರುಚಿ ಎಲ್ಲ ಊಟಕ್ಕೂ ಇರಬೇಕು. ವಿಶೇಷ ಇರುವುದು ಪಾಲು ಸಣ್ಣದು, ಸಾಲಾಗಿ ಬರುತ್ತದೆ, ಅಡುಗೆಯವರು ಇಟ್ಟದ್ದನ್ನೇ ಉಣ್ಣಬೇಕು ಅನ್ನುವುದರಲ್ಲಿ. ಫ್ರೆಂಚರ ಮಾತನ್ನು ಇಂಗ್ಲಿಷಿನವರು ‘ಟೇಸ್ಟಿಂಗ್ ಮೆನು’ ಅಂತ ಹಾಗೇ ಅನುವಾದಿಸಿಕೊಂಡರು, ನಾವು ಆ ಅನುವಾದದ ಅನುವಾದ ಮಾಡುತ್ತಾ ಕೂತಿದ್ದೇವೆ.

‘ಹಂತಿಯೂಟ’ ಎಂದವರಿಗೆ ಒಂದು ಸಲಾಮು. ಪಂಕ್ತಿ, ಪಂತಿ, ಹಂತಿ. ದಾರಿ ಸರಿಯಾಗಿದೆ. ಒಂದಾದ ಮೇಲೊಂದು ಅನ್ನುವ ಅರ್ಥವೂ ಸಿಕ್ಕಿತು, ಹೊಲದ ವಾಸನೆಯೂ ಸಿಕ್ಕಿತು. ತೊಡಕು ಏನೆಂದರೆ ಗದಗ, ಹಾವೇರಿ ಕಡೆಯವರಿಗೆ ಹಂತಿ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಊಟವಲ್ಲ, ಕಣ. ಮೇಟಿ ಕಂಬದ ಸುತ್ತ ಸಾಲಾಗಿ ಕಟ್ಟಿದ ಎತ್ತು ತೆನೆ ತುಳಿಯುತ್ತಿರಬೇಕು, ಹಿಂದೆ ಒಬ್ಬ ನಿದ್ದೆ ಬರದಿರಲಿ ಅಂತ ಹಂತಿ ಪದ ಹಾಡುತ್ತಿರಬೇಕು. ಈಗ ಮಷೀನ್ ಬಂದು ಕಣವೇ ಇಲ್ಲ, ನಿಜ. ಆದರೂ ವಯಸ್ಸಾದವರು ಬೋರ್ಡ್ ಓದಿ ತೆನೆ ತಿನ್ನದಿರಲಿ ಅಂತ ಎತ್ತಿಗೆ ಕಟ್ಟುವ ಹಾಗೆ ನಮ್ಮ ಬಾಯಿಗೂ ಕುಕ್ಕೆ ಕಟ್ಟುತ್ತಾರೇನೋ ಅಂತ ನಗುತ್ತಾರೆ. ಇಷ್ಟು ಕಡಿಮೆ ಕೊಡುವ ಕಡೆ ಆ ನಗು ಸ್ವಲ್ಪ ದುಬಾರಿ.

ನನ್ನ ಸಲಹೆ ‘ಸುತ್ತು’. ಮದುವೆ ಮನೆಯಲ್ಲಿ ಬಡಿಸುವವರ ಬಾಯಲ್ಲಿ ದಿನವೂ ಇದೆ. ಪಲ್ಯ ಒಂದು ಸುತ್ತು ಆಯ್ತು, ಮಾದಲಿ ಹೊರಡಲಿ ಅಂತ ಕೂಗುತ್ತಾರಲ್ಲ, ಕೋರ್ಸ್ ಅನ್ನುವುದಕ್ಕೆ ಇದಕ್ಕಿಂತ ಇನ್ನೇನು ಬೇಕು? ಸುತ್ತು ಬಡಿಸುವವನದು, ಉಣ್ಣುವವನದಲ್ಲ ಅಂತ ಆಕ್ಷೇಪ ಬಂದಿದೆ. ಸರಿಯಾಗೇ ಇದೆ ಅಲ್ವಾ? ಇಲ್ಲಿ ಉಣ್ಣುವವನು ಸುಮ್ನೆ ಕೂತಿರುತ್ತಾನೆ, ಏನು ಬರಬೇಕು ಅನ್ನುವುದು ಬಡಿಸುವವರ ಕೈಯಲ್ಲೇ ಇರುತ್ತದೆ. ‘ಏಳು ಸುತ್ತಿನ ಊಟ’ ಅಂದರೆ ಚಿತ್ರದುರ್ಗದ ಕೋಟೆ ನೆನಪಾಗುತ್ತದೆ ಅಂತ ಇನ್ನೊಬ್ಬರು. ನೆನಪಾಗಲಿ. ಏಳು ಸುತ್ತಿನ ಮಲ್ಲಿಗೆಯೂ ನೆನಪಾಗುತ್ತದೆ. ಓದಿದ ಕೂಡಲೇ ನಾಲಿಗೆಗೆ ಹತ್ತುತ್ತದೆ, ಬೋರ್ಡಿಗೆ ಅದೇ ಬೇಕು.

ಇನ್ನು ‘ಫಾರ್ಮ್ ಟು ಟೇಬಲ್’. ಕೇಳಿದವರದು ಹೊಲದಲ್ಲೇ ಇರುವ ಜಾಗ, ಹಾಗಾಗಿ ‘ಹೊಲದೂಟ’ ಧಾರಾಳವಾಗಿ ಅನ್ನಬಹುದು. ಶೀಗಿ ಹುಣ್ಣಿಮೆಗೋ ಎಳ್ಳ ಅಮಾವಾಸ್ಯೆಗೋ ಬುತ್ತಿ ಕಟ್ಟಿಕೊಂಡು ಹೋಗಿ, ಭೂತಾಯಿಗೆ ಎಡೆಯಾಗಿ ಚೆರಗ ಚೆಲ್ಲಿ, ಬದುವಿನ ಮೇಲೆ ಕೂತು ಕಡಬು, ಪುಂಡಿಪಲ್ಯ ಉಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಇದೇ ಬೋರ್ಡನ್ನು ಹುಬ್ಬಳ್ಳಿಯ ಮಾಲ್ ಒಳಗೆ ಹಾಕಿದರೆ ನಡೆಯುವುದಿಲ್ಲ. ಪನೀರ್, ಅಣಬೆ ಎಲ್ಲ ಕೋಲ್ಡ್ ಸ್ಟೋರೇಜಿನಿಂದ ತರಿಸುವುದಾದರೂ ನಡೆಯುವುದಿಲ್ಲ.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ಖಾನಾವಳಿ ಬೇಡ, ಅದು ಮರಾಠಿಯ ಖಾಣಾವಳ, ‘ಉಣಿಮನೆ’ ಅನ್ನಿ ಎಂದು ಒಬ್ಬರು ಪಟ್ಟು ಹಿಡಿದಿದ್ದಾರೆ. ಉಣಿಮನೆ ಅಂದರೆ ಎಮ್ಮೆ ಮೈಯ ಉಣ್ಣಿ ನೆನಪಾಗುತ್ತದೆ, ಊಟವಲ್ಲ. ಅಚ್ಚಗನ್ನಡದ ಮಾತು ಬಂದಾಗಲೆಲ್ಲ ಕವಿ ಆಂಡಯ್ಯನನ್ನು ಎಳೆದು ತರುತ್ತಾರೆ. 13ನೇ ಶತಮಾನದಲ್ಲಿ ಆತ ಬಿಟ್ಟಿದ್ದು ಸಂಸ್ಕೃತದಿಂದ ಹಾಗೇ ತಂದ ತತ್ಸಮವನ್ನು, ಕನ್ನಡದ ಬಾಯಿಗೆ ಒಗ್ಗಿ ಬದಲಾದ ತದ್ಭವವನ್ನಲ್ಲ. ಆತನ ಲೆಕ್ಕದಲ್ಲಿ ಹಂತಿಗೂ ಜಾಗವಿದೆ. ಅಷ್ಟಕ್ಕೂ ಎದುರು ಪಾರ್ಟಿಯ ಮನೆ ನೋಡಿ. ಫಾರ್ಮ್, ಟೇಬಲ್, ಟೇಸ್ಟ್, ಮೆನು ನಾಲ್ಕೂ ಫ್ರೆಂಚಿನ ಕಡೆಯಿಂದ ಇಂಗ್ಲಿಷಿಗೆ ಬಂದ ಮಾತು. ‘ಫಾರ್ಮ್ ಟು ಟೇಬಲ್’ನಲ್ಲಿ ಅಪ್ಪಟ ಇಂಗ್ಲಿಷ್ ಅಂತ ಉಳಿಯುವುದು ಮಧ್ಯದ ‘ಟು’ ಒಂದೇ.

ಹಾಗಂತ ಬಂದದ್ದನ್ನೆಲ್ಲ ಹಾಗೇ ಇಟ್ಟುಕೊಳ್ಳಿ ಅಂತಲ್ಲ. ಪೋರ್ಚುಗೀಸರ ಕಾಲದಲ್ಲಿ ಬಂದ ಬಟಾಟಿ, ಅನಾನಸು ಹೆಸರಿನ ಸಮೇತ ಬಂದವು, ಹಾಗೇ ಉಳಿದವು. ಅದೇ ದಾರಿಯಲ್ಲಿ ಬಂದ ಇನ್ನೊಂದಕ್ಕೆ ನಮ್ಮವರು ಮೊದಲೇ ಇದ್ದ ಮೆಣಸಿಗೆ ಕಾಯಿ ಸೇರಿಸಿ ಮೆಣಸಿನಕಾಯಿ ಅಂದರು. ಇವತ್ತು ಬ್ಯಾಡಗಿ ಮಾರುಕಟ್ಟೆಯಲ್ಲಿ ನಿಂತು ಇದು ಅಮೆರಿಕ ಖಂಡದ ಗಿಡ ಅಂದರೆ ಯಾರೂ ನಂಬುವುದಿಲ್ಲ. ಅವರ ಹತ್ತಿರ ನಿಘಂಟೂ ಇರಲಿಲ್ಲ, ಪದಸಮಿತಿಯೂ ಇರಲಿಲ್ಲ. ತಿಂದು ನೋಡಿದರು, ಖಾರ ಇತ್ತು, ಹೆಸರಿಟ್ಟರು.

‘ಟೇಸ್ಟಿಂಗ್ ಮೆನು’ ಅಂತ ಕನ್ನಡ ಲಿಪಿಯಲ್ಲಿ ಬರೆಸಿದರೆ ಸಾಕು ಎಂದವರಿಗೆ: ರಾಜ್ಯದ ಕನ್ನಡ ಭಾಷಾ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿ ಬೋರ್ಡಿನ ಶೇ 60 ಕನ್ನಡ ಇರಬೇಕು ಅನ್ನುತ್ತದೆ. ಲಿಪಿ ಬದಲಿಸಿದರೆ ಇನ್‌ಸ್ಪೆಕ್ಟರ್ ಸುಮ್ಮನಿರಬಹುದು. ಬೋರ್ಡ್ ಓದಿ ಒಳಗೆ ಬರಬೇಕಾದವರು ಅವರಲ್ಲ.

ಪೇಂಟರ್‌ಗೆ ಹೀಗೆ ಹೇಳಿ. ದೊಡ್ಡದಾಗಿ: ಏಳು ಸುತ್ತಿನ ಹೊಲದೂಟ. ಕೆಳಗೆ ಸಣ್ಣದಾಗಿ: ಸುತ್ತಲಿನ ರೈತರ ಬೆಳೆ, ಅಡುಗೆ ನಮ್ಮಿಷ್ಟ. ಈ ಎರಡನೇ ಸಾಲು ಬಿಡಬೇಡಿ. ಅದಿಲ್ಲದಿದ್ದರೆ ಕೂತ ಕೂಡಲೇ ಗಿರ್ಮಿಟ್ ಇದೆಯಾ ಅಂತ ಕೇಳುತ್ತಾರೆ. ‘ಮೆನು’ ಅನ್ನುವುದಕ್ಕೆ ಮಾತೇ ಬೇಡ, ಬಾಗಿಲ ಪಕ್ಕ ಕರಿಹಲಗೆ ಇಟ್ಟು ‘ಇವತ್ತು’ ಅಂತ ಬರೆದು ಕೆಳಗೆ ಏಳು ಹೆಸರು ಸೀಮೆಸುಣ್ಣದಲ್ಲಿ ಬರೆಯಿರಿ. 1971ರಲ್ಲಿ ಆಲಿಸ್ ವಾಟರ್ಸ್ ಎಂಬ ಬಾಣಸಿಗರು ಅಮೆರಿಕದ ಬರ್ಕ್ಲಿಯಲ್ಲಿ ತೆರೆದ ಶೇ ಪಾನೀಸ್ ಹೋಟೆಲಿನಲ್ಲೂ ದಿನಕ್ಕೊಂದು ನಿಗದಿ ಊಟವೇ ಇತ್ತು, ಹತ್ತಿರದ ಹೊಲದಲ್ಲಿ ಏನಿದೆಯೋ ಅದರ ಮೇಲೆ. ಕಾರ್ಡ್ ಪ್ರಿಂಟ್ ಮಾಡಿಸಿ ಅದರಲ್ಲಿ ಸೀತನಿ ಅಂತ ಹಾಕಿದಿರೋ, ಕೆಟ್ಟಿರಿ. ಜೋಳದ ಎಳೆ ತೆನೆ ಸುಟ್ಟು ತಿನ್ನುವ ದಿನ ಚಳಿಗಾಲದಲ್ಲಿ ಕೆಲವೇ ವಾರ ಇರುತ್ತವೆ, ಕಾಳು ಬಲಿತರೆ ಮುಗಿಯಿತು. ಹಕ್ಕರಕಿ ಸೊಪ್ಪಿನದೂ ಹೆಚ್ಚುಕಡಿಮೆ ಅದೇ ಕತೆ.

ಮೇಜು ಪಾರಸಿಯ ಮೇಜ್‌ನದೋ ಪೋರ್ಚುಗೀಸಿನ ಮೆಸಾದ್ದೋ ಅನ್ನುವ ಕುಸ್ತಿಗೆ ದಯವಿಟ್ಟು ಬೇರೆ ಎಳೆ (ಥ್ರೆಡ್) ತೆಗೆಯಿರಿ. ಇವರ ಪೇಂಟರ್ ಬರುವ ಹೊತ್ತಾಯ್ತು.