ಅಪ್‌ಡೇಟ್: ನಲ್ಲಿ ನೀರಿನ ಗಟಾರದ ವಾಸನೆ, ಕೊನೆಗೂ ಪೈಪ್ ಸಿಕ್ಕಿತು

ಕೊಪ್ಪಳ ಜಿಲ್ಲೆಯ ನಮ್ಮೂರಿನ ಓಣಿಯಲ್ಲಿ ನಲ್ಲಿ ನೀರು ಗಟಾರದ ವಾಸನೆ ಹೊಡೆಯುತ್ತಿದೆ, ಪುರಸಭೆಯವರು ಕಿವಿಗೆ ಹಾಕಿಕೊಳ್ಳುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೆ. ಬಾಯಿಮಾತು ಬಿಡಿ, ಬರೆದು ಕೊಡಿ ಎಂದವರಿಗೆ ಮೊದಲು ಥ್ಯಾಂಕ್ಸ್.

ಓಣಿಯವರೆಲ್ಲ ಸಹಿ ಮಾಡಿ ಮುಖ್ಯಾಧಿಕಾರಿಗೆ ಅರ್ಜಿ ಕೊಟ್ಟೆವು. ನಮ್ಮ ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಂಡೆವು. ಆಮೇಲೂ ಸದ್ದಿಲ್ಲ. ಆಗ ಮಾಹಿತಿ ಹಕ್ಕಿನಡಿ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು, ನಮ್ಮ ಅರ್ಜಿ ಯಾರ ಟೇಬಲ್ ಮೇಲಿದೆ, ಓಣಿಯ ನೀರನ್ನು ಯಾವಾಗ ಟೆಸ್ಟ್ ಮಾಡಿಸಿದ್ದೀರಿ ಎಂದಷ್ಟೇ ಕೇಳಿದೆ. (ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಉದ್ದ ಕಥೆ ಬರೆಯಬೇಡಿ.) ಉತ್ತರ ಕೊಡಲು ಅವರಿಗೆ 30 ದಿನ ಇರುತ್ತದೆ. ಉತ್ತರಕ್ಕೂ ಮೊದಲೇ ಪುರಸಭೆಯ ಜೆಇ (ಜೂನಿಯರ್ ಎಂಜಿನಿಯರ್), ನೀರು ಬಿಡುವ ವಾಲ್‌ಮನ್ ಇಬ್ಬರೂ ಬಂದರು!

ಅಗೆದಾಗ ನೋಡಬೇಕಿತ್ತು. ಒಂದು ಮನೆಯ ಕನೆಕ್ಷನ್ ಪೈಪ್ ಗಟಾರದೊಳಗೇ ಹಾದುಹೋಗಿತ್ತು. ತುಕ್ಕು ಹಿಡಿದು ತೂತಾದ ಕಡೆ ಯಾರೋ ಸೈಕಲ್ ಟ್ಯೂಬ್ ಸುತ್ತಿದ್ದರು. ಸಪ್ಲೈ ನಿಂತಾಗ ಖಾಲಿ ಪೈಪಿನೊಳಗೆ ಕೊಳಚೆ ಇಳಿಯುತ್ತದೆ. ಮತ್ತೆ ನೀರು ಬಿಟ್ಟಾಗ ಮನೆಗಳಿಗೆ ಮೊದಲು ಬರುವುದು ಅದೇ ಅಲ್ವಾ? ಓಣಿಯ ಮಕ್ಕಳು ಪದೇ ಪದೇ ವಾಂತಿ-ಭೇದಿಯಿಂದ ಮಲಗುತ್ತಿದ್ದದ್ದು ನೆನೆದು ಹೊಟ್ಟೆ ಉರಿಯಿತು.

ಆ ಪೈಪ್ ಬದಲಾಗಿದೆ, ವಾಸನೆ ಹೋಗಿದೆ. ಆದರೆ ಗಟಾರದಲ್ಲೇ ಹಾದ ಪೈಪುಗಳು ಇನ್ನೂ ಇವೆ. ಅವನ್ನು ಮೇಲೆತ್ತಿಸಬೇಕು ಎಂದು ವಾರ್ಡ್ ಸದಸ್ಯರ ಮೂಲಕ ಸಾಮಾನ್ಯ ಸಭೆಗೆ ವಿಷಯ ತರಿಸುತ್ತಿದ್ದೇವೆ. ಟೆಸ್ಟ್ ರಿಪೋರ್ಟ್ ಕೈಗೆ ಬರುವವರೆಗೆ ಎಲ್ಲರ ಮನೆಯಲ್ಲೂ ಕುದಿಸಿ ಆರಿಸಿದ ನೀರೇ.