ಬ್ಯಾಕಪ್ ಶುರುವಾದರೆ ಕಾಲ್ ತುಂಡಾಗುತ್ತೆ: ಕ್ಯೂಒಎಸ್ (ಯಾವ ಟ್ರಾಫಿಕ್‌ಗೆ ಮೊದಲ ಸರದಿ ಅಂತ ರೂಟರ್‌ನಲ್ಲಿ ನಿಗದಿ ಮಾಡೋದು) ಹಾಕಿದವರು ಅನುಭವ ಹೇಳಿ

15 ಜನರ ಆಫೀಸು, 100 ಎಂಬಿಪಿಎಸ್ ಫೈಬರ್, ಪಿಪಿಪಿಒಇ (ಲಾಗಿನ್ ಹಾಕಿ ಜೋಡಿಸುವ ಸಾಮಾನ್ಯ ಇಂಟರ್ನೆಟ್ ಲೈನ್), ಮೈಕ್ರೊಟಿಕ್ ಹೆಕ್ಸ್ ರೂಟರ್. ಬ್ಯಾಕಪ್ ಕ್ಲೌಡ್‌ಗೆ ಹೊರಟ ತಕ್ಷಣ ಪಿಂಗ್ (ಪ್ಯಾಕೆಟ್ ಹೋಗಿ ಬರುವ ಸಮಯ) 12ರಿಂದ 400 ಮಿಲಿಸೆಕೆಂಡಿಗೆ ಏರಿ, ಟೀಮ್ಸ್‌ನಲ್ಲಿ ದನಿ ಕತ್ತರಿಸುತ್ತೆ. ನಿಮಗೆ ಯಾವುದು ಕೈಹಿಡಿಯಿತು?

ಕ್ಯೂ_ಟ್ರೀ:
ನನ್ನದೂ ಹೆಕ್ಸ್. ಮೂರು ಭಾನುವಾರ ಹೋದವು. ಸಿಂಪಲ್ ಕ್ಯೂ (ವೇಗಕ್ಕೆ ಮಿತಿ ಹಾಕುವ ಸಾಲು) ಹಾಕಿದೆ, ಮ್ಯಾಂಗಲ್ (ಪ್ಯಾಕೆಟ್‌ಗೆ ಗುರುತು ಹಚ್ಚುವ ರೂಲ್) ಹಾಕಿದೆ, ಕ್ಯೂನಲ್ಲಿ ಪ್ಯಾಕೆಟ್ ಎಣಿಸುವ ಕೌಂಟರ್ ಅಲ್ಲಾಡಲೇ ಇಲ್ಲ. ಕಾರಣ ಫಾಸ್ಟ್‌ಟ್ರ್ಯಾಕ್, ಅಂದರೆ ಪ್ಯಾಕೆಟ್‌ಗಳನ್ನು ಅಡ್ಡದಾರಿಯಲ್ಲಿ ಬೇಗ ಸಾಗಿಸುವ ಸೌಲಭ್ಯ. ಡಿಫಾಲ್ಟ್ ಫೈರ್‌ವಾಲ್‌ನಲ್ಲೇ ಇರುವ ಆ ರೂಲ್‌ಗೆ ಸಿಕ್ಕ ಪ್ಯಾಕೆಟ್ ಸಿಂಪಲ್ ಕ್ಯೂ ಕಡೆ ತಿರುಗಿಯೂ ನೋಡಲ್ಲ. ರೂಲ್ ಡಿಸೇಬಲ್ ಮಾಡಿದರಷ್ಟೇ ಸಾಲದು, ನಡೆಯುತ್ತಿರುವ ಕನೆಕ್ಷನ್‌ಗಳನ್ನೂ ಅಳಿಸಬೇಕು. ಆಮೇಲೆ ಮೈಕ್ರೊಟಿಕ್‌ನ ಸಾಫ್ಟ್‌ವೇರ್ ರೂಟರ್‌ಒಎಸ್ 7ರ ಕೇಕ್ (ಸಾಲು ಉದ್ದವಾಗದಂತೆ ಎಲ್ಲರಿಗೂ ಪಾಲು ಹಂಚುವ ಕ್ಯೂ), ಮ್ಯಾಕ್ಸ್ ಲಿಮಿಟ್ 90ಎಂ/88ಎಂ. ಮೊದಲ ಅಂಕಿ ಅಪ್‌ಲೋಡ್, ನಾನು ತಿರುವುಮುರುವು ಹಾಕಿ ಒಂದು ದಿನ ಒದ್ದಾಡಿದ್ದೆ. ಇದಕ್ಕೆ ತೆತ್ತ ಬೆಲೆ: 10–12 ಎಂಬಿಪಿಎಸ್, ಜೊತೆಗೆ ಸಿಪಿಯು 15ರಿಂದ ಶೇ 60ಕ್ಕೆ.

ಪೋರ್ಟ್_24:
ಟ್ರಾಫಿಕ್ ಅನ್ನು ಕ್ಲಾಸ್‌ಗಳಾಗಿ ವಿಂಗಡಿಸದೆ ಕೇಕ್ ಸುರಿಯುವುದು ಕ್ಯೂಒಎಸ್ ಅಲ್ಲ. ದನಿಗೆ ಡಿಎಸ್‌ಸಿಪಿ (ಪ್ಯಾಕೆಟ್ ಮೇಲೆ ಬರೆಯುವ ಆದ್ಯತೆಯ ಗುರುತು) 46, ವಿಡಿಯೊಗೆ 34, ಸ್ಕ್ರೀನ್ ಶೇರ್‌ಗೆ 18. ಟೀಮ್ಸ್ ದನಿಯ ಸೋರ್ಸ್ ಪೋರ್ಟ್ ನಂಬರ್ 50000ರಿಂದ 50019. ನಾನು ಎಡವಿದ್ದು ಬೇರೆ ಕಡೆ: ಸಿಸ್ಕೊ ರೂಟರ್‌ನ ಗಿಗಾಬಿಟ್ ಪೋರ್ಟ್‌ಗೆ ಪಾಲಿಸಿ ಹಚ್ಚಿದೆ, ಡ್ರಾಪ್ ಸೊನ್ನೆ, ಕಾಲ್ ಮಾತ್ರ ತುಂಡು. ಪೋರ್ಟ್ 1000 ಎಂಬಿಪಿಎಸ್, ಲೈನ್ 100. ಪೋರ್ಟ್‌ನಲ್ಲಿ ಸಾಲೇ ಕಟ್ಟದಿದ್ದರೆ ಯಾರಿಗೆ ಮೊದಲ ಸರದಿ ಕೊಡೋದು? ಹೊರಗಿನ ಪಾಲಿಸಿಯಲ್ಲಿ ಶೇಪ್ ಆವರೇಜ್ 92000000 (ಒಟ್ಟು ವೇಗಕ್ಕೆ 92 ಎಂಬಿಪಿಎಸ್ ಮಿತಿ), ಅದರೊಳಗೆ ಪ್ರಯಾರಿಟಿ ಪರ್ಸೆಂಟ್ 20 (ಶೇ 20ರವರೆಗೆ ದನಿಗೆ ಮೊದಲ ಸರದಿ) ಇಟ್ಟೆ, ಸರಿಹೋಯಿತು. ವಿಡಿಯೊವನ್ನೂ ಪ್ರಯಾರಿಟಿಗೆ ತುರುಕಬೇಡಿ. ದಟ್ಟಣೆಯಾದಾಗ ಮಿತಿ ಮೀರಿದ್ದನ್ನು ಅದು ಬಿಸಾಡುತ್ತೆ, ದನಿಯೂ ಜೊತೆಗೇ ಬೀಳುತ್ತೆ.

ಕೇಕ್_44:
46 ಬರೆದು ಕಳಿಸಿದರೆ ಸಾಮಾನ್ಯ ಇಂಟರ್ನೆಟ್‌ನಲ್ಲಿ ಯಾರು ಕೇಳ್ತಾರೆ? ಓಪನ್‌ಡಬ್ಲ್ಯುಆರ್‌ಟಿಯಲ್ಲಿ (ರೂಟರ್‌ಗೆ ಹಾಕುವ ಉಚಿತ ಸಾಫ್ಟ್‌ವೇರ್) ಎಸ್‌ಕ್ಯುಎಂ (ಸಾಲು ನಿಭಾಯಿಸುವ ಪ್ಯಾಕೇಜ್), ಪೀಸ್ ಆಫ್ ಕೇಕ್ ಸ್ಕ್ರಿಪ್ಟ್, ಓವರ್‌ಹೆಡ್ (ಪ್ರತಿ ಪ್ಯಾಕೆಟ್‌ಗೆ ಸೇರುವ ಹೆಚ್ಚುವರಿ ಬೈಟ್) 44, ಎರಡೂ ಕಡೆ 90000. ಅದು ಕಿಲೋಬಿಟ್ ಲೆಕ್ಕ! 90 ಅಂತ ಬರೆದು ಇಡೀ ಆಫೀಸಿನ ನೆಟ್ ಸಾಯಿಸಿದ್ದೇನೆ. ಫ್ಲೋ ಆಫ್‌ಲೋಡಿಂಗ್ (ಫಾಸ್ಟ್‌ಟ್ರ್ಯಾಕ್‌ನಂಥದ್ದೇ ಅಡ್ಡದಾರಿ) ಆಫ್ ಮಾಡಿ, ಇಲ್ಲವಾದರೆ ಕ್ಯೂ_ಟ್ರೀ ಹೇಳಿದ ಗೋಳೇ ಇಲ್ಲೂ.

ಪೋರ್ಟ್_24:
ಯಾರು ಕೇಳ್ತಾರೆ ಅಂದರೆ? ನಮ್ಮದು ಎಂಪಿಎಲ್‌ಎಸ್ (ಸೇವಾ ಕಂಪನಿಯ ಖಾಸಗಿ ಜಾಲ), ಯಾವ ಕ್ಲಾಸ್‌ಗೆ ಎಷ್ಟು ಅಂತ ಒಪ್ಪಂದದಲ್ಲೇ ಇದೆ. ಗೊತ್ತಿಲ್ಲದೆ ಮಾತಾಡಬೇಡಿ.

ಕ್ಯೂ_ಟ್ರೀ:
ಕೇಳಿದವರದು ಎಂಪಿಎಲ್‌ಎಸ್ ಅಲ್ಲ ಸ್ವಾಮಿ, ಪಿಪಿಪಿಒಇ. ಮೇಲೆ ಓದಿ.

ಪೋರ್ಟ್_24:
ಓದಿದ್ದೇನೆ. ರೂಟರ್‌ನಲ್ಲಿ ಶೇಪ್, ಕ್ಲಾಸ್ ಹಾಕಿದ್ದರೆ, ಅವರ ಪ್ಯಾಕೆಟ್ ಅವರದೇ ರೂಟರ್‌ನಿಂದ ಹೊರಡುವಾಗ ಯಾವುದು ಮೊದಲು ಅನ್ನೋದನ್ನು ಅದೇ 46 ತೀರ್ಮಾನಿಸುತ್ತೆ. ಹೊರಗಿನವರು ಕೇಳಲಿ ಬಿಡಲಿ, ಅಪ್‌ಲೋಡ್ ಸಾಲು ಕಟ್ಟೋದು ಒಳಗೇ.

ರ‍್ಯಾಕ್_ಮನೆ:
ಇಷ್ಟೆಲ್ಲ ಯಾಕೆ? ಬ್ಯಾಕಪ್ ಸಾಫ್ಟ್‌ವೇರ್‌ನಲ್ಲೇ 40 ಎಂಬಿಪಿಎಸ್ ಮಿತಿ ಹಾಕಿ, ರಾತ್ರಿ 11ಕ್ಕೆ ಇಡಿ. ನಮ್ಮಲ್ಲಿ ಖರ್ಚು ಸೊನ್ನೆ.

ಕೇಕ್_44:
ನಮ್ಮಲ್ಲೂ ಹಾಗೇ ಇಟ್ಟಿದ್ದೆವು. ಹಗಲಲ್ಲಿ ಒಂದೇ ಒಂದು ಫೋನ್ ಫೋಟೊಗಳನ್ನು ಕಳಿಸಲು ಕೂತಿತು, ಪಿಂಗ್ ಮತ್ತೆ 380. ಬ್ಯಾಕಪ್ ಒಂದನ್ನು ಕಟ್ಟಿಹಾಕಿದರೆ ಉಳಿದ 15 ಮೊಬೈಲ್‌ಗಳಿಗೆ ನೀವು ಎಲ್ಲಿ ಹೋಗಿ ಮಿತಿ ಹಾಕ್ತೀರಿ?